ಕಾಡಿಗೆ ಹೊರಟವನ ಗಂಟು



ಇವತ್ತು ಒಂದು ಗಂಟಿನ ಬಗ್ಗೆ ಮಾತನಾಡುತ್ತೇನೆ. ಹೆಗಲಿಗೆ ಹಾಕಿಕೊಳ್ಳುವ ಬಟ್ಟೆಯ ಗಂಟು. ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು ಸೀಮೆಯ ಜನ ಹಿಂದೆ ಘಟ್ಟದ ಕಡೆಗೆ ನಡೆದೋ ಗಾಡಿಯಲ್ಲೋ ಹೋಗುತ್ತಿದ್ದರು. ಕೆಲವರು ಕಾಫಿ ತೋಟದ ಕೂಲಿಗೆ ಹೊರಟವರು. ಕೆಲವರು ಗಾಡಿ ಹೊಡೆದುಕೊಂಡು ಘಟ್ಟ ಇಳಿಯುವವರು. ಇನ್ನು ಕೆಲವರು ಕುಕ್ಕೆ ಸುಬ್ರಹ್ಮಣ್ಯಕ್ಕೆ ಹರಕೆ ಹೊತ್ತವರು. ದಾರಿಯಲ್ಲಿ ಹೋಟೆಲು ಇರಲಿಲ್ಲ, ಆಸ್ಪತ್ರೆ ಇರಲಿಲ್ಲ. ಇದ್ದದ್ದು ಕಾಡು. ಆ ಕಾಡಿನಲ್ಲಿ ನಾಲ್ಕಾರು ದಿನ ಬದುಕಿ ಬರಲು ಅವರು ಗಂಟಿನಲ್ಲಿ ಏನು ಕಟ್ಟಿಕೊಳ್ಳುತ್ತಿದ್ದರು? ಇವತ್ತಿನ ವಿಷಯ ಅಷ್ಟೆ.

ಇದರ ಜೊತೆಗೆ ಇನ್ನೊಂದು ಗಂಟನ್ನೂ ಬಿಚ್ಚಿ ನೋಡೋಣ. ಅದು ಅಮೆರಿಕದ್ದು. ಇನ್ನೂರೈವತ್ತು ವರ್ಷಗಳ ಹಿಂದೆ ಅಲ್ಲಿ ಪೂರ್ವ ತೀರದ ಬಿಳಿಯರು ಬೆಟ್ಟಸಾಲು ದಾಟಿ ಪಶ್ಚಿಮದ ಕಾಡಿಗೆ ನುಗ್ಗಿದರು. ಅಮೆರಿಕವೆಂದರೆ ನಮ್ಮ ಹಾಸನ ಜಿಲ್ಲೆಗೆ ದೂರದ ಮಾತೇನೂ ಅಲ್ಲ. ನಮ್ಮ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ಅಲ್ಲಿಗೆ ಹೋಗಿ ಬಂದು 'ಅಮೆರಿಕಾದಲ್ಲಿ ಗೊರೂರು' ಬರೆದರು. 1980ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಹೇಮಾವತಿ ದಂಡೆಯಲ್ಲಿ ಕೂತು ಆ ಕಡೆ ಇಣುಕುವುದು ನಮಗೆ ರೂಢಿಯೇ.

ಮೊದಲು ನಮ್ಮ ಕಾಡಿನ ದಾರಿ ಎಂಥದ್ದು ಎಂದು ನೆನಪಿಸಿಕೊಳ್ಳಿ. ಚನ್ನರಾಯಪಟ್ಟಣದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 700 ಮಿಲಿಮೀಟರು. ರಾಗಿ, ತೆಂಗು, ಬಯಲು. ಅಲ್ಲಿಂದ ಹಾಸನ ಸುಮಾರು 40 ಕಿಲೋಮೀಟರು. ಹಾಸನದಿಂದ ಸಕಲೇಶಪುರ ಮತ್ತೆ 40. ಸಕಲೇಶಪುರದಲ್ಲಿ ಮಳೆ 2,000 ಮಿಲಿಮೀಟರು ದಾಟುತ್ತದೆ. ಅಲ್ಲಿಂದ ಮುಂದೆ ಬಿಸಿಲೆಯ ಕಡೆ ಹೋದರೆ ಇನ್ನೂ ಹೆಚ್ಚು. ಎತ್ತಿನ ಗಾಡಿ ದಿನಕ್ಕೆ 20, 25 ಕಿಲೋಮೀಟರು ನಡೆಯುತ್ತದೆ. ಅಂದರೆ ಮೂರ್ನಾಲ್ಕು ದಿನದಲ್ಲಿ ಬಯಲುಸೀಮೆಯ ಮನುಷ್ಯ ತನಗೆ ಗುರುತೇ ಇಲ್ಲದ ಗಿಡ, ಗುರುತೇ ಇಲ್ಲದ ಮಳೆ, ಗುರುತೇ ಇಲ್ಲದ ಜ್ವರದ ನಡುವೆ ನಿಂತಿರುತ್ತಿದ್ದ. ಹೊಲದಲ್ಲಿ ಅವನು ಜಾಣ. ಘಟ್ಟದಲ್ಲಿ ಅವನು ಹೊಸಬ.

ಹೊಸಬನಾದರೂ ಅವನ ಗಂಟು ದೊಡ್ಡದಿರುತ್ತಿರಲಿಲ್ಲ. ಏಕೆಂದರೆ ಗಂಟು ಕಟ್ಟುವುದಕ್ಕೆ ಒಂದು ಲೆಕ್ಕವಿತ್ತು. ಕಾಡು ಕೊಡುವುದನ್ನು ಹೊರಬೇಡ. ಕಾಡು ಕೊಡದ್ದನ್ನು ಮರೆಯಬೇಡ. ಯಾರೂ ಇದನ್ನು ಕೂತು ಬರೆದಿಟ್ಟಿಲ್ಲ. ಆದರೆ ಗಂಟಿನಲ್ಲಿದ್ದ ಒಂದೊಂದು ವಸ್ತುವನ್ನೂ ಈ ಲೆಕ್ಕಕ್ಕೆ ಹಿಡಿದು ನೋಡಿ, ಸರಿಯಾಗಿ ಕೂರುತ್ತದೆ.

ಹಗ್ಗ ಕಾಡಿನಲ್ಲಿ ಸಿಗುತ್ತದೆ. ದಡಸಲು ಮರದ ತೊಗಟೆ ಸುಲಿದರೆ ನಾರು, ಇಲ್ಲವಾದರೆ ಬಳ್ಳಿ. ಪಾತ್ರೆಗೆ ಬಿದಿರಿನ ಅಂಡೆ. ಹಸಿ ಬಿದಿರಿನೊಳಗೆ ಅಕ್ಕಿ, ನೀರು ತುಂಬಿ ಬೆಂಕಿಯ ಮೇಲಿಟ್ಟರೆ ಅನ್ನವಾಗುತ್ತದೆ. ಊಟದ ಎಲೆಗೆ, ಹಾಸಿಗೆಗೆ ಬರವಿಲ್ಲ. ಮಳೆಗೆ ಮಲೆನಾಡಿಗರು ಬಿದಿರು ಮತ್ತು ಎಲೆಯಲ್ಲಿ ಹೆಣೆದ ಗೊರಗ ಇದ್ದೇ ಇದೆ. ತಿನ್ನಲು ಗೆಣಸು, ಜೇನು, ಹಣ್ಣು, ಕಳಲೆ. ಕಳಲೆಯ ವಿಚಾರದಲ್ಲಿ ಮಾತ್ರ ಎಚ್ಚರ ಬೇಕು. ಎಳೆ ಬಿದಿರನ್ನು ಹೆಚ್ಚಿ, ನೀರಿನಲ್ಲಿ ನೆನೆಹಾಕಿ, ದಿನವೂ ನೀರು ಬದಲಾಯಿಸಿ ಆಮೇಲೆ ಬೇಯಿಸಬೇಕು. ಹಸಿಯಾಗಿ ತಿಂದರೆ ವಿಷ. ಕಾಡು ಕೊಡುತ್ತದೆ ನಿಜ, ತೆಗೆದುಕೊಳ್ಳಲು ತಿಳಿದಿರಬೇಕು.

ಸರಿ, ಕಾಡು ಏನನ್ನು ಕೊಡುತ್ತದೆ ಎಂದು ನೋಡಿದ್ದಾಯಿತು. ಈಗ ಕಾಡು ಕೊಡದ್ದರ ಕಡೆಗೆ ಬರೋಣ.

ಮೊದಲನೆಯದು ಕಬ್ಬಿಣ. ಕೊಡಲಿ ಅಥವಾ ಮಚ್ಚು. ಯಾವುದಾದರೂ ಒಂದು ಸಾಕು, ಆದರೆ ಒಂದು ಇರಲೇಬೇಕು. ಬಿದಿರು ಕಡಿಯುವುದು, ಗೆಣಸು ಅಗೆಯುವುದು, ಗುಡಿಸಲಿಗೆ ಗೂಟ ಚೂಪು ಮಾಡುವುದು, ಮುರಿದ ಗಾಡಿಯ ಗುಜ್ಜು ಸರಿಮಾಡುವುದು, ಎಲ್ಲಕ್ಕೂ ಇದೇ. ಅರಕಲಗೂಡಿನ ಗಡಿ ದಾಟಿ ಕೊಡಗಿಗೆ ಹೋದರೆ ಅಲ್ಲಿನವರ ಒಡಿಕತ್ತಿ ಕಾಣುತ್ತದೆ. ನೋಡದವರಿಗಾಗಿ ಹೇಳುತ್ತೇನೆ. ಅಗಲವಾದ ಅಲಗು, ಮುಂದಕ್ಕೆ ಬಾಗಿದ್ದು. ಸೊಂಟದ ಹಿಂಭಾಗದಲ್ಲಿ ತೊಡಂಗ ಎಂಬ ಲೋಹದ ಕೊಕ್ಕೆಗೆ ಸಿಕ್ಕಿಸಿಕೊಳ್ಳುತ್ತಾರೆ. ಎರಡೂ ಕೈ ಖಾಲಿ ಇರುತ್ತವೆ, ಬೇಕಾದಾಗ ಹಿಂದಕ್ಕೆ ಕೈ ಹಾಕಿ ಎಳೆದುಕೊಂಡರಾಯಿತು. ಮರ ಹಿಡಿದು ಇಳಿಜಾರು ಇಳಿಯುವವನಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ನನಗೆ ಗೊತ್ತಿಲ್ಲ. ಅಮೆರಿಕದ ಕಾಡಿನವರು ತಮ್ಮ ಕೊಡಲಿಯನ್ನೇ ಬದಲಾಯಿಸಿಕೊಂಡರು. ಯುರೋಪಿನಿಂದ ತಂದ ಕೊಡಲಿಯ ಹಿಂಬದಿ ಹಗುರ. ಅವರು ಹಿಂಬದಿಗೆ ತೂಕ ಸೇರಿಸಿ, ಅಲಗಿಗೂ ಹಿಂಬದಿಗೂ ಸಮತೂಕ ಬರುವ ಹಾಗೆ ಮಾಡಿದರು. ದೊಡ್ಡ ಮರಗಳಿಗೆ ಅದು ಬೇಕಾಯಿತು.

ಕಬ್ಬಿಣದ ಮಾತಾಯಿತು. ಎರಡನೆಯದು ಬೆಂಕಿ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಬೆಂಕಿಪೊಟ್ಟಣ ಬಂದ ಮೇಲೆ ಇದರ ಕಷ್ಟ ನಮಗೆ ಮರೆತೇಹೋಗಿದೆ.

ನಮ್ಮ ಹಿರಿಯರ ಎಲೆಅಡಿಕೆ ಚೀಲದಲ್ಲಿ ಚಕಮಕಿ ಇರುತ್ತಿತ್ತು. ಅದರಲ್ಲಿ ಮೂರು ಸಾಮಾನು. ಒಂದು ಬೆಣಚುಕಲ್ಲು. ಒಂದು ಉಕ್ಕಿನ ತುಂಡು. ಕಿಡಿ ಹಿಡಿಯಲು ಒಂದಿಷ್ಟು ಒಣ ಅರಳೆ. ಬೂರುಗದ ಹತ್ತಿಯಾದರೂ ಆದೀತು. ಘಟ್ಟದ ಕಡೆ ಬೈನೆ ಮರದ ಸೋಗೆಯ ಬುಡದಲ್ಲಿ ಕಂದು ಬಣ್ಣದ ಮೆತ್ತನೆ ಜುಂಗು ಸಿಗುತ್ತದೆ, ಅದನ್ನೂ ಬಳಸುತ್ತಿದ್ದರು. ಅರಳೆಯನ್ನು ಕಲ್ಲಿನ ಅಂಚಿಗೆ ಒತ್ತಿ ಹಿಡಿದು, ಉಕ್ಕಿನಿಂದ ಮೇಲಿನಿಂದ ಕೆಳಕ್ಕೆ ಜಾರುವಂತೆ ಹೊಡೆಯಬೇಕು. ಕಲ್ಲು ಉಕ್ಕಿನಿಂದ ಸಣ್ಣ ಪುಡಿಯನ್ನು ಕೆರೆದು ತೆಗೆಯುತ್ತದೆ. ಗಾಳಿಗೆ ಆ ಪುಡಿ ಹೊತ್ತಿಕೊಳ್ಳುತ್ತದೆ. ಅದೇ ಕಿಡಿ. ಕಿಡಿ ಅರಳೆಗೆ ಬಿದ್ದರೆ ಜ್ವಾಲೆ ಬರುವುದಿಲ್ಲ, ಕೆಂಪಗೆ ಕನಲುತ್ತದೆ. ಅದನ್ನು ಒಣಹುಲ್ಲಿನೊಳಗಿಟ್ಟು ಮೆಲ್ಲಗೆ ಊದಿದರೆ ಬೆಂಕಿ.

ಕಲ್ಲು ಕಾಡಿನಲ್ಲೂ ಸಿಕ್ಕೀತು. ಅರಳೆಯೂ ಸಿಕ್ಕೀತು. ಉಕ್ಕು ಮಾತ್ರ ಸಿಗುವುದಿಲ್ಲ. ಅದನ್ನು ಊರಿನ ಕುಲುಮೆಯಿಂದಲೇ ತರಬೇಕು. ಅರಳೆ ನೆನೆಯದ ಹಾಗೆ ನೋಡಿಕೊಂಡರೆ ಆಯಿತು, ಕಲ್ಲಿಗೂ ಉಕ್ಕಿಗೂ ಮಳೆಯ ಭಯವಿಲ್ಲ. ನೆನೆದ ಬೆಂಕಿಕಡ್ಡಿ ಹಾಗಲ್ಲ. ಆಷಾಢದ ಮಳೆಯಲ್ಲಿ ಬೆಂಕಿಪೊಟ್ಟಣ ನೆನೆಸಿಕೊಂಡವರಿಗೆ ನಾನು ಹೆಚ್ಚು ವಿವರಿಸಬೇಕಿಲ್ಲ. ಅಮೆರಿಕದವರದ್ದೂ ಇದೇ ಚಕಮಕಿ. ಅರಳೆಯ ಬದಲು ಹಳೆಯ ನಾರುಬಟ್ಟೆಯನ್ನು ಕರಕಲು ಮಾಡಿ ಡಬ್ಬಿಯಲ್ಲಿಟ್ಟುಕೊಳ್ಳುತ್ತಿದ್ದರು. ಅವರ ಬಂದೂಕು ಸಿಡಿಯುತ್ತಿದ್ದದ್ದೂ ಚಕಮಕಿ ಕಲ್ಲಿನ ಕಿಡಿಯಿಂದಲೇ.

ಕಬ್ಬಿಣ, ಬೆಂಕಿ. ಎರಡಾಯಿತು. ಮೂರನೆಯದು ಉಪ್ಪು. ನನ್ನನ್ನು ಕೇಳಿದರೆ ಇಡೀ ಗಂಟಿನಲ್ಲಿ ದೊಡ್ಡ ಕಥೆ ಇರುವುದು ಈ ಒಂದು ಹಿಡಿ ಉಪ್ಪಿನಲ್ಲಿ.

ನಮ್ಮ ಜಿಲ್ಲೆಗೆ ಸಮುದ್ರವಿಲ್ಲ. ಸಮುದ್ರದ ಉಪ್ಪು ಹೇರೆತ್ತುಗಳ ಬೆನ್ನ ಮೇಲೆ ಘಟ್ಟ ಹತ್ತಿ ಬರಬೇಕಿತ್ತು. ಲಂಬಾಣಿಗರ ಎತ್ತಿನ ಸಾಲುಗಳು ಹೊರುತ್ತಿದ್ದದ್ದು ಮುಖ್ಯವಾಗಿ ಎರಡು, ಧಾನ್ಯ ಮತ್ತು ಉಪ್ಪು. ಗಾಡಿ ರಸ್ತೆ ಆದ ಮೇಲೆ ನಮ್ಮ ಕಡೆಯ ಗಾಡಿಯವರೂ ಈ ವ್ಯವಹಾರಕ್ಕೆ ಇಳಿದರು. ಸಮುದ್ರದ ಉಪ್ಪು ತುಟ್ಟಿಯಾದಾಗ ಮೈಸೂರು ಬಯಲುಸೀಮೆಯಲ್ಲಿ ಇನ್ನೊಂದು ದಾರಿ ಇತ್ತು. ಉಪ್ಪಾರರು ಚೌಳು ಮಣ್ಣನ್ನು ಕೆರೆದು ಗುಡ್ಡೆ ಹಾಕಿ, ಅದರ ಮೇಲೆ ನೀರು ಹೊಯ್ದು ಸೋಸಿ, ಆ ನೀರನ್ನು ಬತ್ತಿಸಿ ಉಪ್ಪು ತೆಗೆಯುತ್ತಿದ್ದರು. ಬಣ್ಣ ಮಾಸಲು, ರುಚಿ ಕಹಿ. ಆದರೂ ಉಪ್ಪು.

ಉಪ್ಪಿಲ್ಲದೆ ಒಂದು ದಿನ ಹೇಗೋ ನಡೆಯುತ್ತದೆ. ಬಿಸಿಲಿನಲ್ಲಿ ಹೊರೆ ಹೊತ್ತು ಬೆವರು ಸುರಿಸುವವನಿಗೆ ನಾಲ್ಕನೇ ದಿನಕ್ಕೆ ಮೀನಖಂಡ ಸೆಳೆಯುತ್ತದೆ, ತಲೆ ಸುತ್ತುತ್ತದೆ. ಮಾಂಸ ಸಿಕ್ಕಿದರೂ ಉಪ್ಪಿಲ್ಲದೆ ಕೆಡದಂತೆ ಇಡುವುದು ಕಷ್ಟ. ಇಂಬಳ ಕಚ್ಚಿದರೂ ಉಪ್ಪೇ ಬೇಕು.

ಅಮೆರಿಕದಲ್ಲಿ ಉಪ್ಪಿಗಾಗಿ ಜನ ಸೆರೆ ಸಿಕ್ಕಿದ್ದುಂಟು. ಡೇನಿಯಲ್ ಬೂನ್ ಎಂಬ ಬೇಟೆಗಾರನ ಹೆಸರನ್ನು ಕೆಲವರಾದರೂ ಕೇಳಿರುತ್ತೀರಿ. ಕೆಂಟಕಿ ಎಂಬ ಪ್ರದೇಶಕ್ಕೆ ದಾರಿ ಕಡಿದವನೆಂದು ಅವನಿಗೆ ದೊಡ್ಡ ಹೆಸರು. 1778ರ ಚಳಿಗಾಲದಲ್ಲಿ ಅವನು ಸುಮಾರು 30 ಜನರನ್ನು ಕಟ್ಟಿಕೊಂಡು ಬ್ಲೂ ಲಿಕ್ಸ್ ಎಂಬ ಉಪ್ಪುನೀರಿನ ಊಟೆಯ ಹತ್ತಿರ ಬೀಡುಬಿಟ್ಟ. ಅವರು ನೆಲೆಸಿದ್ದ ಕೋಟೆಯಲ್ಲಿ ಉಪ್ಪು ತೀರಿತ್ತು. ಆ ನೀರಿನಲ್ಲಿ ಉಪ್ಪಿನ ಅಂಶ ತೀರ ಕಡಿಮೆ. ಸುಮಾರು 3,000 ಲೀಟರು ನೀರನ್ನು ಹಗಲೂ ರಾತ್ರಿ ಕುದಿಸಿದರೆ ಇಪ್ಪತ್ತು, ಇಪ್ಪತ್ತೈದು ಕಿಲೋ ಉಪ್ಪು. ಆ ಕೆಲಸದಲ್ಲಿರುವಾಗಲೇ ಶಾನೀ ಎಂಬ ಮೂಲನಿವಾಸಿ ಜನ ಅವರನ್ನು ಹಿಡಿದುಕೊಂಡು ಹೋದರು. ಶಾನೀ ಜನರದ್ದು ಅನ್ಯಾಯವೆಂದು ನಾನು ಹೇಳಲಾರೆ. ಅದು ಅವರು ಬೇಟೆಯಾಡುತ್ತಿದ್ದ ನೆಲ. ಬೂನ್ ಕೆಲವು ತಿಂಗಳ ಮೇಲೆ ತಪ್ಪಿಸಿಕೊಂಡು ಬಂದ. ಕೊಡಲಿ ಇತ್ತು, ಬಂದೂಕು ಇತ್ತು, ಧೈರ್ಯವೂ ಇತ್ತು. ಉಪ್ಪಿರಲಿಲ್ಲ. ಅದಕ್ಕಾಗಿ ಮೂವತ್ತು ಜನ ಕೋಟೆ ಬಿಟ್ಟು ಹೊರಡಬೇಕಾಯಿತು.

ಕಬ್ಬಿಣ, ಬೆಂಕಿ, ಉಪ್ಪು. ಮೂರಾಯಿತು. ನಾಲ್ಕನೆಯದು ಹಿಟ್ಟು. ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟ ಎನ್ನುವ ಸೀಮೆ ನಮ್ಮದು. ಆದರೆ ಕಾಡಿನ ಗಂಟಿಗೆ ಮಾಮೂಲಿ ರಾಗಿ ಹಿಟ್ಟಿಗಿಂತ ಹುರಿಹಿಟ್ಟು ಮೇಲು. ರಾಗಿಗೆ ನೀರು ಚಿಮುಕಿಸಿ, ಹದ ಬಂದ ಮೇಲೆ ಬಿಸಿ ಓಡಿನಲ್ಲಿ ಹಾಕಿದರೆ ಬಿಳಿ ಹೂವಿನಂತೆ ಅರಳುತ್ತದೆ. ಆ ಅರಳನ್ನು ಬೀಸಿದರೆ ಹುರಿಹಿಟ್ಟು. ಇದು ಆಗಲೇ ಬೆಂದ ಆಹಾರ. ಬೆಂಕಿ ಬೇಡ, ಪಾತ್ರೆ ಬೇಡ. ಬೊಗಸೆ ಹಿಟ್ಟಿಗೆ ನೀರು, ಒಂದು ಚೂರು ಬೆಲ್ಲ, ಇಲ್ಲವಾದರೆ ಉಪ್ಪು ಮೆಣಸಿನಕಾಯಿ. ಮಳೆ ಹಿಡಿದು ಸೌದೆ ಹತ್ತದ ದಿನ ಹೊಟ್ಟೆ ತುಂಬಿಸುವುದು ಇದೇ. ಚೆನ್ನಾಗಿ ಹುರಿದದ್ದಾದರೆ ಬೇಗ ಮುಗ್ಗುವುದಿಲ್ಲ. ರಾಗಿಯೇ ಹಾಗೆ. ಹಗೇವಿನಲ್ಲಿ ಹಾಕಿ ಮುಚ್ಚಿದ ರಾಗಿ ವರ್ಷಗಟ್ಟಲೆ ಹುಳು ಹಿಡಿಯದೆ ಇರುತ್ತಿತ್ತು.

ಇಲ್ಲಿ ಕೇಳುಗರು ಸ್ವಲ್ಪ ಆಶ್ಚರ್ಯಪಡಬಹುದು. ಅಮೆರಿಕದ ಮೂಲನಿವಾಸಿಗಳದ್ದೂ ಹುರಿಹಿಟ್ಟೇ. ಧಾನ್ಯ ಮಾತ್ರ ಬೇರೆ. ಅವರು ಮುಸುಕಿನ ಜೋಳವನ್ನು ಬಿಸಿ ಬೂದಿಯಲ್ಲಿ ಹುರಿದು, ಬೂದಿ ಕೊಡವಿ, ಕುಟ್ಟಿ ಪುಡಿ ಮಾಡುತ್ತಿದ್ದರು. ರೋಜರ್ ವಿಲಿಯಮ್ಸ್ ಎಂಬ ಪಾದ್ರಿ 1643ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದನ್ನು ದಾಖಲಿಸಿದ್ದಾನೆ. ಸುಮಾರು 200 ಜನ ಮೂಲನಿವಾಸಿಗಳೊಂದಿಗೆ ಅವನು ಸುಮಾರು 100 ಮೈಲಿ ಕಾಡಿನಲ್ಲಿ ನಡೆದಿದ್ದ. ಪ್ರತಿಯೊಬ್ಬರ ಬೆನ್ನ ಮೇಲೂ ಒಂದು ಚಿಕ್ಕ ಬುಟ್ಟಿ, ಅದರಲ್ಲಿ ಮೂರು ನಾಲ್ಕು ದಿನಕ್ಕಾಗುವಷ್ಟು ಹುರಿಹಿಟ್ಟು. ಬಿಳಿಯರು ಇದನ್ನು ಕಲಿತದ್ದು ಅವರಿಂದಲೇ. ಎಲ್ಲಿಯ ಜೋಳ, ಎಲ್ಲಿಯ ರಾಗಿ! ಕಾಡು ಎರಡು ಕಡೆಯೂ ಒಂದೇ ಪಾಠ ಕಲಿಸಿತು. ಮನೆಯಲ್ಲೇ ಬೇಯಿಸಿಕೊಂಡು ಹೊರಡು, ಕಾಡಿನಲ್ಲಿ ಬರೀ ನೀರು ಬೆರೆಸು.

ಒಂದು ಪಕ್ಕದ ಮಾತು. ಆ ಮುಸುಕಿನ ಜೋಳ ಇವತ್ತು ನಮ್ಮ ಹೊಲದಲ್ಲೇ ಇದೆ. ಹಾಸನದ ಆಲೂಗೆಡ್ಡೆ, ಅರಕಲಗೂಡಿನ ಹೊಗೆಸೊಪ್ಪು, ಮೆಣಸಿನಕಾಯಿ, ಬೇಲಿಯ ಕತ್ತಾಳೆ, ಇವುಗಳ ಮೂಲವೂ ಅಮೆರಿಕ ಖಂಡಗಳೇ. ಮಲೆನಾಡಿಗೆ ಹೋಗುವವನು ಇಂಬಳ ಹತ್ತದಿರಲಿ ಎಂದು ಕಾಲಿಗೆ ಬಳಿದುಕೊಳ್ಳುತ್ತಿದ್ದದ್ದು ಹೊಗೆಸೊಪ್ಪು ಮತ್ತು ಸುಣ್ಣ. ಅಂದರೆ ನಮ್ಮ ಗಂಟಿನೊಳಗೆ ಅಮೆರಿಕ ಮೊದಲೇ ಸೇರಿಕೊಂಡಿತ್ತು.

ಕಬ್ಬಿಣ, ಬೆಂಕಿ, ಉಪ್ಪು, ಹಿಟ್ಟು. ಇನ್ನು ಗಂಟಿನಲ್ಲಿ ಉಳಿದದ್ದು ಎರಡು, ಬೇಗ ಹೇಳಿಬಿಡುತ್ತೇನೆ. ಒಂದು ಕಂಬಳಿ. ಕುರುಬರು ನೇಯ್ದ ಕರಿಯ ಕಂಬಳಿಗೆ ಹುಣಸೆಬೀಜದ ಗಂಜಿ ಹಾಕಿರುತ್ತಾರೆ. ಮೊದಮೊದಲು ಒರಟು, ಆದರೆ ನೀರು ಬೇಗ ಇಳಿಯುವುದಿಲ್ಲ. ಮಡಿಸಿ ತಲೆಯ ಮೇಲೆ ಕೊಪ್ಪೆ ಹಾಕಿಕೊಂಡರೆ ಮಳೆಗೆ ಆಯಿತು, ಬಿಚ್ಚಿದರೆ ಹಾಸಿಗೆ, ರಾತ್ರಿಗೆ ಹೊದಿಕೆ. ಉಣ್ಣೆ ನೆನೆದರೂ ಮೈ ಬೆಚ್ಚಗಿಡುತ್ತದೆ, ಹತ್ತಿಬಟ್ಟೆ ಇಡುವುದಿಲ್ಲ. ಇನ್ನೊಂದು ಸೋರೆಬುರುಡೆ. ಕುಡಿಯುವ ನೀರಿಗೆ ಅದು. ಬಾಯಿ ಮುಚ್ಚಿದ ಖಾಲಿ ಬುರುಡೆ ಕಟ್ಟಿಕೊಂಡರೆ ಹೊಳೆಯಲ್ಲಿ ಮುಳುಗುವ ಭಯವೂ ಕಡಿಮೆ.

ಬಂದೂಕು ಎಲ್ಲಿ ಎಂದು ಕೇಳಬಹುದು. ಅಮೆರಿಕದ ಕಾಡಿನ ಕಥೆಯೆಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಬಂದೂಕು. ನಮ್ಮ ಗಾಡಿಯವನ ಬಳಿ ಅದು ಇರಲಿಲ್ಲ. ಹುಲಿ ಇತ್ತು, ಆನೆ ಇತ್ತು, ಆದರೂ ಹೋಗಿ ಬರುತ್ತಿದ್ದ. ಹೇಗೆಂದರೆ ಒಬ್ಬನೇ ಹೋಗುತ್ತಿರಲಿಲ್ಲ. ಗಾಡಿಗಳು ಸಾಲಾಗಿ ಹೋಗುತ್ತಿದ್ದವು. ಎತ್ತಿನ ಕೊರಳಲ್ಲಿ ಗಂಟೆ, ಗಾಡಿಯ ಅಡಿಯಲ್ಲಿ ತೂಗುವ ಲಾಂದ್ರ, ರಾತ್ರಿ ತಂಗಿದಲ್ಲಿ ಬೆಂಕಿ, ಕಾವಲಿಗೆ ಸರದಿ.

ಅಮೆರಿಕದ ಒಂಟಿ ವೀರನ ಕಥೆಯನ್ನೂ ಸ್ವಲ್ಪ ಕೆದಕಿ ನೋಡಿ. ಬೂನ್ 1769ರಲ್ಲಿ ಕೆಂಟಕಿಯ ದೊಡ್ಡ ಬೇಟೆಗೆ ಹೊರಟಾಗ ಅವನೂ ಸೇರಿ ಆರು ಜನ. ಮರುವರ್ಷ ಕೆಲವು ತಿಂಗಳು ಅವನು ನಿಜಕ್ಕೂ ಒಬ್ಬನೇ ಕಾಡಿನಲ್ಲಿದ್ದ. ಯಾಕೆ ಗೊತ್ತೆ? ಮದ್ದುಗುಂಡು ತೀರುತ್ತಾ ಬಂದಿತ್ತು. ಅದನ್ನು ತರಲು ಅವನ ತಮ್ಮ ಸ್ಕ್ವೈರ್ ಬೂನ್ ನೂರಾರು ಮೈಲಿ ಊರಿಗೆ ವಾಪಸು ಹೋಗಿದ್ದ. ಬಂದೂಕಿನ ಮದ್ದು ಊರಿನದು. ಸೀಸ ಊರಿನದು. ಕೊಡಲಿ ಕಮ್ಮಾರನದು. ನಮ್ಮಲ್ಲೂ ಅಷ್ಟೆ. ಮಚ್ಚು ಕುಲುಮೆಯದು, ಕಂಬಳಿ ಕುರುಬರದು, ಉಪ್ಪು ಉಪ್ಪಾರರದು ಇಲ್ಲವೆ ಲಂಬಾಣಿಗರದು, ಹುರಿಹಿಟ್ಟು ನಸುಕಿನಲ್ಲೆದ್ದು ಬೀಸಿದ ಮನೆಯ ಹೆಂಗಸಿನದು. ಕಾಡಿಗೆ ಒಬ್ಬನೇ ಹೋದೆ ಎನ್ನುವವನು ಊರನ್ನೇ ಹೆಗಲ ಮೇಲೆ ಹೊತ್ತಿರುತ್ತಾನೆ. ಒಂಟಿತನದ ಆ ಹೆಮ್ಮೆಯನ್ನು ನಾನಂತೂ ಒಪ್ಪುವುದಿಲ್ಲ.

ಗಂಟಿನಲ್ಲಿ ಏನೇನಿತ್ತು ಎಂದು ಹೇಳಿದೆ. ಇಲ್ಲದ್ದನ್ನೂ ಹೇಳಬೇಕು. ಮಲೆನಾಡಿನ ಚಳಿಜ್ವರಕ್ಕೆ ಅದರಲ್ಲಿ ಏನೂ ಇರಲಿಲ್ಲ. ಸೊಳ್ಳೆಯಿಂದ ಅದು ಹರಡುತ್ತದೆ ಎಂದು ಜಗತ್ತಿಗೆ ತಿಳಿದದ್ದೇ 1897ರ ಮೇಲೆ. ದಕ್ಷಿಣ ಅಮೆರಿಕದ ಸಿಂಕೋನ ಮರದ ತೊಗಟೆಯಿಂದ ಬಂದ ಕ್ವಿನೈನ್ ಗುಳಿಗೆ ಸಿಕ್ಕವರು ಉಳಿದರು. ಸಿಗದ ಎಷ್ಟೋ ಜನ ಕಾಫಿ ಸೀಮೆಯಿಂದ ಮರಳಲೇ ಇಲ್ಲ. ಹಿಂದಿನವರ ಗಂಟನ್ನು ಹೊಗಳುವಾಗ ಈ ಲೆಕ್ಕವನ್ನು ಬಿಡಬಾರದು.

ಈಗ ಕಾಲ ಬದಲಾಗಿದೆ. ಆನೆ ಎಲ್ಲಿದೆ ಎಂಬ ಸುದ್ದಿ ಆಲೂರು, ಸಕಲೇಶಪುರದ ಕಡೆ ಮೊಬೈಲಿಗೇ ಬರುತ್ತದೆ. ರಜೆ ಬಂದರೆ ಹುಡುಗರು ದೊಡ್ಡ ದೊಡ್ಡ ಚೀಲ ಹೊತ್ತು ಚಾರಣಕ್ಕೆ ಹೊರಡುತ್ತಾರೆ. ಹೋಗಲಿ, ಸಂತೋಷ. ಕೇಳುತ್ತಿರುವ ಹುಡುಗರಿಗೆ ನನ್ನದು ಎರಡೇ ಮಾತು. ಅರಣ್ಯ ಇಲಾಖೆಯ ಅನುಮತಿ ಪಡೆದು, ಸ್ಥಳೀಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಎಲ್ಲಿಗೆ ಹೋಗುತ್ತೀರಿ, ಯಾವಾಗ ಬರುತ್ತೀರಿ ಎಂದು ಮನೆಯಲ್ಲಿ ಹೇಳಿ ಹೊರಡಿ, ಘಟ್ಟದ ಕಣಿವೆಯಲ್ಲಿ ಎಷ್ಟೋ ಕಡೆ ಮೊಬೈಲಿಗೆ ಸಿಗ್ನಲ್ ಸಿಗುವುದಿಲ್ಲ.

ಮನೆಯ ಹಿರಿಯರು ಕೇಳುತ್ತಿದ್ದರೆ ಅವರಲ್ಲಿ ಒಂದು ವಿನಂತಿ. ನಿಮ್ಮ ಅಟ್ಟದ ಮೇಲೆ ಹಳೆಯ ಚಕಮಕಿ ಉಕ್ಕೋ, ಸೋರೆಬುರುಡೆಯೋ, ಹಿಡಿ ಸವೆದ ಮಚ್ಚೋ ಇದ್ದರೆ ಗುಜರಿಯವರಿಗೆ ಹಾಕಬೇಡಿ. ಕೆಳಗಿಳಿಸಿ ಒರೆಸಿ ಮೊಮ್ಮಕ್ಕಳ ಕೈಗೆ ಕೊಡಿ. ಅದನ್ನು ಯಾರು ಮಾಡಿಕೊಟ್ಟರು, ಯಾರು ಬಳಸಿದರು, ಎಲ್ಲಿಗೆ ಹೊತ್ತೊಯ್ದರು ಎಂದು ಹೇಳಿ. ಅವರು ಅದನ್ನು ಒಂದು ಹಾಳೆಯಲ್ಲಿ ಬರೆದಿಡಲಿ.